ಮಂತ್ರಿಗಳಿಗೆ ಪ್ರಶ್ನೆ ಬರೆಯುವುದು ಹೇಗೆ: ಕುಮಟಾದ ಒಂದು ಟೈಪಿಂಗ್ ಅಂಗಡಿಯಿಂದ

ಉತ್ತರ ಕನ್ನಡ ಜಿಲ್ಲೆಯ ಕುಮಟಾದಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಶುರು ಮಾಡಿ ಇಪ್ಪತ್ತಾರು ವರ್ಷ ಆಯಿತು. ಮೊದಲು ಟೈಪ್‌ರೈಟರ್ ಇತ್ತು, ಆಮೇಲೆ ಕಂಪ್ಯೂಟರ್ ಮತ್ತು ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಬಂತು. ಯಾರಾದರೂ ಮಂತ್ರಿ ಜಿಲ್ಲೆಗೆ ಬರುತ್ತಾರೆ ಅಂದರೆ ಹಿಂದಿನ ಸಂಜೆ ಅಂಗಡಿಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಘಟ್ಟದ ಮೇಲಿನವರು ಬಸ್ಸಿಗೆ, ಹೊಳೆಯ ಆಚೆಯವರು ಸಂಕಕ್ಕೆ (ಕಾಲುಸೇತುವೆಗೆ), ಕಡಲ ಬದಿಯವರು ರಸ್ತೆಗೆ ಅಂತ ಬರುತ್ತಾರೆ. ಎಲ್ಲರದ್ದೂ ಒಂದೇ ತಲೆಬರಹ: ‘ಮಾನ್ಯ ಸಚಿವರಲ್ಲಿ ಸವಿನಯ ಮನವಿ.’

ಕೆಲವು ವರ್ಷಗಳ ಹಿಂದೆ ಒಬ್ಬ ಹಿರಿಯರು ಬಂದರು. ಅಡಿಕೆ ತೋಟದವರು, ಪ್ರತಿ ವರ್ಷ ಬರುವವರು. ‘ತಂಗಿ, ಹೋದ ವರ್ಷದ್ದು ನಿನ್ನ ಕಂಪ್ಯೂಟರಿನಲ್ಲಿ ಇದ್ದರೆ ತಾರೀಖು ಮಾತ್ರ ಬದಲಿಸಿ ಕೊಟ್ಟುಬಿಡು’ ಅಂದರು. ಫೈಲ್ ತೆಗೆದು ನೋಡಿದೆ. ಅದೇ ಮನವಿ, ಐದನೇ ಸಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಐದು ಸಲ ಟೈಪ್ ಮಾಡಿದ ದುಡ್ಡು ನಾನು ತೆಗೆದುಕೊಂಡಿದ್ದೆ. ಅವರ ಊರಿಗೆ ಬಸ್ಸು ಮಾತ್ರ ಬಂದಿರಲಿಲ್ಲ.

ಆಮೇಲೆ ನಾನು ಇದನ್ನೇ ಯೋಚಿಸುತ್ತಾ ಬಂದೆ. ಮನವಿ ಕೊಟ್ಟರೆ ಮಂತ್ರಿ ‘ನೋಡುತ್ತೇನೆ’ ಅನ್ನುತ್ತಾರೆ. ಪಿಎ ಅದನ್ನು ಕಟ್ಟಿಗೆ ಸೇರಿಸುತ್ತಾರೆ. ಕಟ್ಟು ಕಚೇರಿಯಿಂದ ಕಚೇರಿಗೆ ‘ಮುಂದಿನ ಕ್ರಮಕ್ಕಾಗಿ’ ಹೋಗುತ್ತದೆ. ಮನವಿಗೆ ಉತ್ತರ ಕೊಡಲೇಬೇಕು ಅಂತ ಯಾರಿಗೂ ಅನಿಸುವುದಿಲ್ಲ, ಯಾಕೆಂದರೆ ಅದರಲ್ಲಿ ಪ್ರಶ್ನೆಯೇ ಇರುವುದಿಲ್ಲ. ಅದೇ ವಿಷಯವನ್ನು ಪ್ರಶ್ನೆ ಮಾಡಿ ಬರೆದರೆ ಎದುರಿನವರು ಹೌದು, ಇಲ್ಲ, ಇಷ್ಟು, ಇಂಥ ದಿನ ಅಂತ ಏನಾದರೂ ಹೇಳಬೇಕಾಗುತ್ತದೆ. ಈಗ ನನ್ನ ಅಂಗಡಿಗೆ ಮನವಿ ಹಿಡಿದು ಬಂದವರಿಗೆ ಮೊದಲು ಕುರ್ಚಿ ಕೊಡುತ್ತೇನೆ, ಆಮೇಲೆ ಮನವಿಯನ್ನು ಒಟ್ಟಿಗೆ ಕೂತು ಪ್ರಶ್ನೆ ಮಾಡುತ್ತೇವೆ. ಅದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು: ಇದು ಯಾರ ಬಾಬತ್ತು?

ಅರ್ಧಕ್ಕಿಂತ ಜಾಸ್ತಿ ಮನವಿಗಳು ದಾರಿ ತಪ್ಪುವುದು ಇಲ್ಲೇ. ಹೆದ್ದಾರಿ ಗುಂಡಿಯ ಬಗ್ಗೆ ರಾಜ್ಯದ ಸಾರಿಗೆ ಸಚಿವರಿಗೆ ಬರೆಯುತ್ತಾರೆ. ಅವರ ಹತ್ತಿರ ಬಸ್ಸು ಇದೆ, ರಸ್ತೆ ಇಲ್ಲ.

ನಮ್ಮ ಜಿಲ್ಲೆಯ ಮಟ್ಟಿಗೆ ಹೀಗೆ ನೆನಪಿಟ್ಟುಕೊಳ್ಳಿ. ಕರಾವಳಿಯ 66, ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರಕ್ಕೆ ಹೋಗುವ 52, ಹೊನ್ನಾವರದಿಂದ ಗೇರುಸೊಪ್ಪಕ್ಕೆ ಹೋಗುವ 69, ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ 766ಇ, ಇವು ರಾಷ್ಟ್ರೀಯ ಹೆದ್ದಾರಿಗಳು. ಪ್ರಶ್ನೆ ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವರಿಗೆ, ಅಂದರೆ ಸಂಸದರ ಮೂಲಕ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದ್ದು. ಊರೊಳಗಿನ ರಸ್ತೆ, ಕಾಲುಸಂಕ ಪಂಚಾಯತ್ ರಾಜ್ ಕಡೆಗೆ ಬರುತ್ತವೆ. ಸರ್ಕಾರಿ ಬಸ್ಸು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದ್ದು. ಅದರ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿ, ನಮ್ಮ ವಿಭಾಗದ ಕಚೇರಿ ಶಿರಸಿಯಲ್ಲಿ. ಅದಕ್ಕೆ ಉತ್ತರ ಕೊಡುವವರು ರಾಜ್ಯದ ಸಾರಿಗೆ ಸಚಿವರು. ಕರಾವಳಿಯ ರೈಲು ಕೊಂಕಣ ರೈಲ್ವೆ ನಿಗಮದ್ದು, ಹುಬ್ಬಳ್ಳಿಯ ನೈಋತ್ಯ ರೈಲ್ವೆಯದ್ದಲ್ಲ. ಇದನ್ನು ತಪ್ಪು ಬರೆದರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ.

ಮೊಬೈಲ್ ನೆಟ್‌ವರ್ಕ್ ಪೂರ್ತಿ ಕೇಂದ್ರದ ವಿಷಯ, ದೂರಸಂಪರ್ಕ ಇಲಾಖೆಯದ್ದು. ಆದರೆ ಟವರಿಗೆ ಕರೆಂಟ್ ಕೊಡುವುದು ಹೆಸ್ಕಾಂ. ಜಾಗ ಕಂದಾಯ ಇಲಾಖೆಯದ್ದು ಇರಬಹುದು, ಅರಣ್ಯದ್ದೂ ಇರಬಹುದು. ನಮ್ಮ ಜಿಲ್ಲೆಯಲ್ಲಿ ಎಲ್ಲಿ ಅಗೆದರೂ ಅರಣ್ಯ ಬರುತ್ತದೆ ಅಲ್ವಾ? ಹಾಗಾಗಿ ನೆಟ್‌ವರ್ಕ್ ಪ್ರಶ್ನೆಗೆ ಒಬ್ಬ ಮಂತ್ರಿ ಸಾಕಾಗುವುದಿಲ್ಲ. ಎರಡು ಕಾಗದ ಬೇಕು, ದಿಲ್ಲಿಗೆ ಒಂದು, ಬೆಂಗಳೂರಿಗೆ ಒಂದು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಪ್ರಶ್ನೆಯೂ ಹಾಗೆಯೇ. ರೈಲ್ವೆ ಸಚಿವರನ್ನು ಮಾತ್ರ ಕೇಳಿದರೆ ಅರಣ್ಯದ ಅನುಮತಿಯ ಕಡೆ ಬೆರಳು ತೋರಿಸುತ್ತಾರೆ. ಅದೇ ಅಧಿವೇಶನದಲ್ಲಿ ಪರಿಸರ ಸಚಿವರಿಗೂ ಒಂದು ಪ್ರಶ್ನೆ ಹೋಗಬೇಕು.

ಇನ್ನೊಂದು ಚಿಕ್ಕ ವಿಷಯ. ಊರಿನ ಹೆಸರಿನ ಜೊತೆ ತಾಲೂಕು ಬರೆಯಲೇಬೇಕು. 2024ರ ಜುಲೈ 16ರಂದು ಗುಡ್ಡ ಕುಸಿದ ಶಿರೂರು ಅಂಕೋಲಾ ತಾಲೂಕಿನದ್ದು. 2022ರ ಜುಲೈಯಲ್ಲಿ ಹೊನ್ನಾವರ ಕಡೆಯ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಟೋಲ್ ಗೇಟಿನಲ್ಲಿ ಮಗುಚಿದ ಶಿರೂರು ಉಡುಪಿ ಜಿಲ್ಲೆಯದ್ದು. ಎರಡೂ 66ರ ಮೇಲೆಯೇ ಇವೆ. ಬೆಂಗಳೂರಿನಲ್ಲಿ ಕೂತು ಓದುವ ಗುಮಾಸ್ತರಿಗೆ ಯಾವ ಶಿರೂರು ಅಂತ ಹೇಗೆ ಗೊತ್ತಾಗಬೇಕು?

ಕಾಗದ ಕೈಯಲ್ಲಿ ಇಟ್ಟುಕೊಂಡು ಹೋಗಿ

ಮಂತ್ರಿಯನ್ನು ಕೇಳುವ ಮೊದಲು ಇಲಾಖೆಯನ್ನು ಕೇಳಬೇಕು. ಅದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿಗೆ 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅದರ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ನಮ್ಮ ರಾಜ್ಯದ ಕಚೇರಿಗಳಿಗೆ ಬರೆಯುವಾಗ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಜನ ಇದನ್ನು ಮರೆತು ಬಸ್ಸು, ನೀರು, ಸ್ಮಶಾನ ಎಲ್ಲವನ್ನೂ ಒಂದರಲ್ಲೇ ತುಂಬುತ್ತಾರೆ. ಆಗ ಮೊದಲ ವಿಷಯಕ್ಕೆ ಮಾತ್ರ ಉತ್ತರ ಕೊಟ್ಟು, ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಅನ್ನಬಹುದು.

ಏನು ಕೇಳಬೇಕು? ನಿಮ್ಮ ಅಭಿಪ್ರಾಯ ಬೇಡ, ದಾಖಲೆ ಕೇಳಿ. ‘ನಮ್ಮ ಊರಿಗೆ ಬಸ್ಸು ಯಾಕಿಲ್ಲ’ ಅನ್ನುವುದರ ಬದಲು ‘ಇಂಥ ಮಾರ್ಗದ ಅನುಸೂಚಿ 2019ರಿಂದ ಇಲ್ಲಿವರೆಗೆ ಯಾವ ಯಾವಾಗ ಬದಲಾಗಿದೆ, ಪ್ರತಿ ಬದಲಾವಣೆಯ ಆದೇಶದ ಪ್ರತಿ ಕೊಡಿ’ ಅಂತ ಬರೆಯಿರಿ. ಪ್ರತಿ ಕೈಗೆ ಬಂದರೆ ಬಸ್ಸು ನಿಲ್ಲಿಸಲು ಕೊಟ್ಟ ಕಾರಣ ಗೊತ್ತಾಗುತ್ತದೆ. ಆದಾಯ ಕಡಿಮೆ ಅಂತ ಬರೆದಿದ್ದಾರೋ, ಡ್ರೈವರ್ ಇಲ್ಲ ಅಂತ ಬರೆದಿದ್ದಾರೋ, ರಸ್ತೆ ಸರಿ ಇಲ್ಲ ಅಂತ ಬರೆದಿದ್ದಾರೋ? ಮೂರಕ್ಕೂ ಕೇಳಬೇಕಾದ ಪ್ರಶ್ನೆ ಬೇರೆ ಬೇರೆ. ಆದಾಯ ಕಡಿಮೆ ಅಂದರೆ ಆ ಲೆಕ್ಕ ಯಾವ ವರ್ಷದ್ದು ಅಂತ ನೋಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಓಡಾಟ ಹೆಚ್ಚಾಗಿದೆ. ಹಳೇ ಲೆಕ್ಕ ಹಿಡಿದು ಬಸ್ಸು ನಿಲ್ಲಿಸುವುದು ಸರಿಯಲ್ಲ.

ಹಳೇ ಉತ್ತರಗಳನ್ನೂ ಹುಡುಕಿ. ಲೋಕಸಭೆ, ರಾಜ್ಯಸಭೆ, ನಮ್ಮ ವಿಧಾನಸಭೆ ಮತ್ತು ಪರಿಷತ್ತಿನಲ್ಲಿ ಮಂತ್ರಿಗಳು ಕೊಟ್ಟ ಉತ್ತರಗಳು ಆಯಾ ಸದನದ ಜಾಲತಾಣದಲ್ಲಿ ಇರುತ್ತವೆ. ಯಾರು ಬೇಕಾದರೂ ಓದಬಹುದು. ಎರಡು ವರ್ಷದ ಹಿಂದೆ ‘ಡಿಪಿಆರ್ (ವಿವರವಾದ ಯೋಜನಾ ವರದಿ) ಆಗುತ್ತಿದೆ’ ಅಂದವರು ಈಗಲೂ ಅದನ್ನೇ ಅಂದರೆ, ಹಳೇ ಉತ್ತರದ ಸಂಖ್ಯೆ ಮತ್ತು ತಾರೀಖು ಹಾಕಿ ಕೇಳುವುದಕ್ಕೆ ಬೇರೆಯೇ ಬಲ ಬರುತ್ತದೆ.

ಪ್ರಶ್ನೆಯ ಮಾತು

ಇದಕ್ಕೆ ನಾನು ಜಾಸ್ತಿ ಹೊತ್ತು ಕೊಡುತ್ತೇನೆ. ಎಲ್ಲ ಇರುವುದು ಇಲ್ಲೇ.

ನನ್ನ ತವರು ಘಟ್ಟದ ಮೇಲೆ, ಶಿರಸಿ ತಾಲೂಕಿನಲ್ಲಿ. ಮಳೆಗಾಲದಲ್ಲಿ ಅಲ್ಲಿ ಫೋನು ಸತ್ತೇಹೋಗುತ್ತಿತ್ತು. ನನ್ನ ತಂದೆಗೆ ಉಸಿರಾಟದ ತೊಂದರೆ ಆದ ರಾತ್ರಿ ನನ್ನ ತಮ್ಮ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ ನಿಂತು ವಾಹನಕ್ಕೆ ಫೋನ್ ಮಾಡಿದ. ತಂದೆ ಉಳಿದರು. ಊರಿನವರು ‘ಹೊಸ ಟವರ್ ಬೇಕು’ ಅಂತ ಮೂರು ಸಲ ಮನವಿ ಕೊಟ್ಟರು. ಮೂರನ್ನೂ ಟೈಪ್ ಮಾಡಿದವಳು ನಾನೇ. ಉತ್ತರ ಮಾತ್ರ ಬದಲಾಗಲಿಲ್ಲ: ನಿಮ್ಮಲ್ಲಿ ಈಗಾಗಲೇ ಟವರ್ ಇದೆ. ನಿಜವೇ, ಟವರ್ ಇತ್ತು. ಆದರೆ ಕರೆಂಟ್ ಹೋದ ಇಪ್ಪತ್ತು ನಿಮಿಷಕ್ಕೆ ಅದೂ ಹೋಗುತ್ತಿತ್ತು. ಬ್ಯಾಟರಿ ಸತ್ತು ಎಷ್ಟೋ ಕಾಲ ಆಗಿತ್ತು. ನಮಗೆ ಬೇಕಾದದ್ದು ಬ್ಯಾಟರಿ, ನಾವು ಕೇಳುತ್ತಿದ್ದದ್ದು ಟವರ್. ಇದು ಗೊತ್ತಾದದ್ದು ನನ್ನ ತಮ್ಮ ಒಂದು ಜುಲೈ ಪೂರ್ತಿ ಗೋಡೆಯ ಕ್ಯಾಲೆಂಡರಿನಲ್ಲಿ ಕರೆಂಟ್ ಹೋದ ಹೊತ್ತು, ನೆಟ್‌ವರ್ಕ್ ಹೋದ ಹೊತ್ತು ಎರಡನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟ ಮೇಲೆ. ಎರಡು ಸಾಲು ಜೊತೆಗೇ ಹೋಗುತ್ತಿದ್ದವು.

ಆಮೇಲೆ ಬರೆದ ಪ್ರಶ್ನೆ ಹೀಗಿತ್ತು:

(ಅ) ಶಿರಸಿ ತಾಲೂಕಿನ ಈ ಕೆಳಗಿನ ಟವರುಗಳಲ್ಲಿ ವಿದ್ಯುತ್ ಇಲ್ಲದಾಗ ಎಷ್ಟು ತಾಸು ನಡೆಯುವ ಬ್ಯಾಟರಿ ಇದೆ; ಕೊನೆಯ ಸಲ ಬದಲಿಸಿದ ತಾರೀಖು ಯಾವುದು;
(ಆ) ಕಳೆದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಟವರ್ ಎಷ್ಟು ತಾಸು ಸ್ಥಗಿತವಾಗಿತ್ತು; ತಿಂಗಳುವಾರು ವಿವರ ನೀಡುವುದು;
(ಇ) ಬ್ಯಾಟರಿ ಬದಲಿಸಲು ಯಾವ ತಾರೀಖು ನಿಗದಿಯಾಗಿದೆ; ನಿಗದಿಯಾಗಿಲ್ಲದಿದ್ದರೆ ಕಾರಣವೇನು?

ಅ, ಆ, ಇ ಅಂತ ಭಾಗ ಮಾಡುವುದು ಸುಮ್ನೆ ಅಲ್ಲ. ನಮ್ಮ ವಿಧಾನಸಭೆಯ ಉತ್ತರ ಪತ್ರದಲ್ಲಿ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ ಇರುತ್ತದೆ. ಭಾಗ ಮಾಡಿದರೆ ಪ್ರತಿಯೊಂದರ ಎದುರಿಗೆ ಏನಾದರೂ ಬರೆಯಲೇಬೇಕು. ಒಂದೇ ಪ್ಯಾರಾದಲ್ಲಿ ಕೇಳಿದರೆ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ಕೊನೆಯ ‘ನಿಗದಿಯಾಗಿಲ್ಲದಿದ್ದರೆ ಕಾರಣವೇನು’ ಬಿಡಬೇಡಿ. ಅದಿಲ್ಲದಿದ್ದರೆ ‘ಇಲ್ಲ’ ಅನ್ನುವ ಒಂದೇ ಪದದ ಉತ್ತರ ಬರುತ್ತದೆ.

ಒಂದು ಹಳ್ಳಿಯ ಬ್ಯಾಟರಿ ಸಂಸತ್ತಿಗೆ ಚಿಕ್ಕ ವಿಷಯ ಆಗಬಹುದು. ಅದಕ್ಕೇ ತಾಲೂಕಿನ ಪಟ್ಟಿ ಹಾಕಿದ್ದು. ಹೊಸ ಟವರೇ ಬೇಕಾದ ಊರುಗಳಿಗೆ ಇನ್ನೊಂದು ದಾರಿ ಇದೆ. 2022ರ ಜುಲೈಯಲ್ಲಿ ಕೇಂದ್ರ ಸಂಪುಟ ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದನ್ನು ಬಿಎಸ್‌ಎನ್‌ಎಲ್‌ಗೆ ವಹಿಸಲಾಯಿತು. ನಿಮ್ಮ ಹಳ್ಳಿ ಆ ಪಟ್ಟಿಯಲ್ಲಿ ಇದೆಯೇ? ಇದ್ದರೆ ಜಾಗ ಹಸ್ತಾಂತರ, ಅರಣ್ಯ ಅನುಮತಿ, ಕರೆಂಟ್ ಸಂಪರ್ಕ, ಫೈಬರ್, ಇವುಗಳಲ್ಲಿ ಯಾವುದು ಬಾಕಿ? ಯಾವುದು ಬಾಕಿ ಅಂತ ಗೊತ್ತಾದ ತಕ್ಷಣ ಯಾರ ಬಾಗಿಲು ಬಡಿಯಬೇಕು ಅಂತಲೂ ಗೊತ್ತಾಗುತ್ತದೆ.

ರಸ್ತೆ, ಸೇತುವೆ, ಆಸ್ಪತ್ರೆಗೂ ಇಂಥ ಮೆಟ್ಟಿಲುಗಳಿವೆ. ಮೊದಲು ಘೋಷಣೆ. ಆಮೇಲೆ ಬಜೆಟ್ಟಿನಲ್ಲಿ ಹಣ, ಡಿಪಿಆರ್, ಆಡಳಿತಾತ್ಮಕ ಅನುಮೋದನೆ, ಟೆಂಡರ್, ಕೊನೆಗೆ ಕಾರ್ಯಾದೇಶ. ‘ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ’ ಅಂತ 2022ರಲ್ಲಿ ಜಿಲ್ಲೆಗೆ ಜಿಲ್ಲೆಯೇ ಕೇಳಿತು. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡಿ ಓಡಿ ದಾರಿಯಲ್ಲೇ ಜೀವ ಕಳೆದುಕೊಂಡವರ ಮನೆಗಳು ಇಲ್ಲಿ ಪ್ರತಿ ಊರಿನಲ್ಲಿವೆ. ಆ ಕೂಗು ನ್ಯಾಯವಾದದ್ದು. ಆದರೆ ‘ಕೊಡಿ’ ಅಂದರೆ ‘ಕೊಡುತ್ತೇವೆ’ ಅಂತ ಉತ್ತರ ಬರುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. ‘ಈಗ ಯಾವ ಮೆಟ್ಟಿಲಿನಲ್ಲಿದೆ, ಆ ಆದೇಶದ ಸಂಖ್ಯೆ ಏನು, ಮುಂದಿನ ಮೆಟ್ಟಿಲು ಯಾವ ತಾರೀಖಿಗೆ’ ಅಂತ ಕೇಳಿದರೆ ತಪ್ಪಿಸಿಕೊಳ್ಳಲು ಜಾಗ ಕಡಿಮೆ.

2024ರ ಆಗಸ್ಟ್ 7ರಂದು ಮಧ್ಯರಾತ್ರಿ ಕಳೆದ ಮೇಲೆ ಕಾರವಾರದ ಹಳೇ ಕಾಳಿ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಶಿರೂರಿನ ಗುಡ್ಡ ಕುಸಿದು ಆಗಿನ್ನೂ ಮೂರು ವಾರ. ಆ ದಿನಗಳಲ್ಲಿ ಬಂದ ಮನವಿಗಳನ್ನು ಟೈಪ್ ಮಾಡುವಾಗ ಎಷ್ಟೋ ಸಲ ಕೈ ನಿಂತಿದೆ. ಎಲ್ಲರೂ ‘ಹೆದ್ದಾರಿ ಸುರಕ್ಷಿತ ಮಾಡಿ’ ಅಂತಲೇ ಬರೆಸಿದರು. ನಾನು ಅವರಿಗೆ ಹೇಳಿದ್ದು ಇದು: ಕಾರವಾರದಿಂದ ಭಟ್ಕಳದವರೆಗೆ ಅಪಾಯದ ಗುಡ್ಡ ಅಂತ ಗುರುತು ಮಾಡಿದ ಜಾಗಗಳ ಪಟ್ಟಿ ಕೇಳಿ. ಪ್ರತಿ ಜಾಗದ ಎದುರು ಏನು ಕೆಲಸ, ಎಷ್ಟು ಆಗಿದೆ, ಮುಗಿಯುವ ತಾರೀಖು ಯಾವುದು ಅಂತ ಕೇಳಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಸೇತುವೆಗಳನ್ನು ಕೊನೆಯ ಸಲ ಪರೀಕ್ಷೆ ಮಾಡಿದ ತಾರೀಖು ಮತ್ತು ವರದಿಯ ಪ್ರತಿ ಕೇಳಿ. ಮಳೆಗಾಲದ ಮೊದಲೇ ಕೇಳಿ.

ಯಾರ ಕೈಯಿಂದ ಕೇಳಿಸುವುದು

ಜಿಲ್ಲೆಯಲ್ಲಿ ಆರು ವಿಧಾನಸಭಾ ಕ್ಷೇತ್ರಗಳಿವೆ: ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ. ನಿಮ್ಮ ಶಾಸಕರೇ ಮಂತ್ರಿಯಾಗಿದ್ದರೆ ಅವರು ಸದನದಲ್ಲಿ ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುವವರು. ಆಗ ಪಕ್ಕದ ಕ್ಷೇತ್ರದ ಶಾಸಕರನ್ನೋ ವಿಧಾನ ಪರಿಷತ್ ಸದಸ್ಯರನ್ನೋ ಹಿಡಿಯಬೇಕು. ಪದವೀಧರರ ಮತದಿಂದ ಆಯ್ಕೆಯಾದ ಪರಿಷತ್ ಸದಸ್ಯರೊಬ್ಬರು ನಮಗೂ ಇದ್ದಾರೆ ಅನ್ನುವುದನ್ನು ಪದವೀಧರರೇ ಮರೆತಿರುತ್ತಾರೆ. ನಮ್ಮದು ಪಶ್ಚಿಮ ಪದವೀಧರ ಕ್ಷೇತ್ರ; ಧಾರವಾಡ, ಗದಗ, ಹಾವೇರಿ ಜೊತೆ ನಾವು.

ಲೋಕಸಭೆಗೆ 2024ರಲ್ಲಿ ಆಯ್ಕೆಯಾದ ವಿಶ್ವೇಶ್ವರ ಹೆಗಡೆ ಕಾಗೇರಿ ಅವರು ಮೊದಲು ವಿಧಾನಸಭೆಯ ಸ್ಪೀಕರ್ ಆಗಿದ್ದವರು. ಪ್ರಶ್ನೆಯ ನಿಯಮ ಅವರಿಗೆ ಚೆನ್ನಾಗಿ ಗೊತ್ತು. ನಾವು ಸಿದ್ಧ ಮಾಡಿದ ಪ್ರಶ್ನೆ ಕೊಡಬೇಕು, ಅಷ್ಟೇ. ಯಾವ ಪಕ್ಷದವರಾದರೂ ಸರಿ, ಚೆನ್ನಾಗಿ ಬರೆದ ಪ್ರಶ್ನೆ ಯಾರಿಗೂ ಬೇಡ ಆಗುವುದಿಲ್ಲ.

ಸಮಯ ನೋಡಿಕೊಳ್ಳಿ. ಲೋಕಸಭೆಯಲ್ಲಿ ಪ್ರಶ್ನೆಗೆ ಕನಿಷ್ಠ 15 ದಿನದ ಮುಂಗಡ ಸೂಚನೆ ಬೇಕು. ಅಧಿವೇಶನ ಶುರುವಾದ ಮೇಲೆ ಓಡಿ ಹೋಗಿ ಪ್ರಯೋಜನ ಇಲ್ಲ. ಅಧಿವೇಶನದ ತಾರೀಖು ಪೇಪರಿನಲ್ಲಿ ಬಂದ ದಿನವೇ ಪ್ರಶ್ನೆ ತಲುಪಿಸಿ. ಬೆಳಗಾವಿಯ ಚಳಿಗಾಲದ ಅಧಿವೇಶನ ನಮಗೆ ಹತ್ತಿರ. ಹೋಗಿ ನೋಡಿಕೊಂಡೂ ಬರಬಹುದು.

ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ ಅಂತ ಎರಡು ಇವೆ. ಚುಕ್ಕೆಯದ್ದಕ್ಕೆ ಮಂತ್ರಿ ಸದನದಲ್ಲಿ ಎದ್ದು ನಿಂತು ಉತ್ತರ ಕೊಡುತ್ತಾರೆ, ಉಪಪ್ರಶ್ನೆಯನ್ನೂ ಕೇಳಬಹುದು. ಆದರೆ ಲೋಕಸಭೆಯಲ್ಲಿ ಅಂಥವು ದಿನಕ್ಕೆ 20 ಮಾತ್ರ, ಅದರಲ್ಲೂ ಸರದಿ ಬರುವುದು ಕೆಲವಕ್ಕೆ. ಪಟ್ಟಿ, ಅಂಕಿ, ತಾರೀಖು ಬೇಕಾದರೆ ಚುಕ್ಕೆ ಇಲ್ಲದ್ದೇ ಒಳ್ಳೆಯದು. ಉತ್ತರ ಬರಹದಲ್ಲಿ ಬರುತ್ತದೆ.

ಸದನದಲ್ಲಿ ಕೇಳಿಸುವುದರಿಂದ ಇನ್ನೊಂದು ದೊಡ್ಡ ಲಾಭ ಇದೆ. ಅಲ್ಲಿ ಮಂತ್ರಿ ‘ಮಾಡುತ್ತೇವೆ’ ಅಂದರೆ ಅದು ಭರವಸೆ ಅಂತ ದಾಖಲಾಗುತ್ತದೆ. ಅದನ್ನು ಬೆನ್ನು ಹತ್ತಲು ಭರವಸೆಗಳ ಸಮಿತಿ ಇದೆ. ಲೋಕಸಭೆಯಲ್ಲಿ ಕೊಟ್ಟ ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕು ಅಂತ ಕ್ರಮ ಇದೆ. ಪ್ರವಾಸಿ ಮಂದಿರದ ಜಗಲಿಯಲ್ಲಿ ಕೊಟ್ಟ ಮಾತಿಗೆ ಅಂಥ ಸಮಿತಿ ಯಾವುದೂ ಇಲ್ಲ.

ಎದುರಿಗೆ ಸಿಕ್ಕಾಗ

ಆದರೂ ಪ್ರವಾಸಿ ಮಂದಿರಕ್ಕೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ನಿಮಗೆ ಸಿಗುವುದು ಒಂದು ನಿಮಿಷ. ಇಪ್ಪತ್ತು ಜನ ಹೋಗಿ, ಒಬ್ಬರೇ ಮಾತಾಡಿ. ದಿನಾ ಆ ಬಸ್ಸಿಗೆ ಕಾಯುವ ಹುಡುಗಿ, ರೇಷನ್‌ಗೆ ಹೆಬ್ಬೆಟ್ಟು ಕೊಡಲು ಮೂರು ಸಲ ಬಂದು ಸರ್ವರ್ ಇಲ್ಲ ಅಂತ ವಾಪಸ್ ಹೋದ ಅಜ್ಜಿ, ಇಂಥವರು ಮಾತಾಡಲಿ. ಹಾರ, ಶಾಲು ಬೇಡ. ಅದಕ್ಕೇ ಅರ್ಧ ನಿಮಿಷ ಹೋಗುತ್ತದೆ.

‘ಸಾಹೇಬ್ರೆ, ಒಂದೇ ಪ್ರಶ್ನೆ’ ಅಂತ ಶುರು ಮಾಡಿ. ಅವರು ‘ನೋಡುತ್ತೇನೆ’ ಅಂದ ಕೂಡಲೇ ಮೆತ್ತಗೆ, ನಗುಮುಖದಿಂದ ಇನ್ನೊಂದು ಕೇಳಿ: ‘ಇದನ್ನು ಯಾವ ಅಧಿಕಾರಿಗೆ ಒಪ್ಪಿಸುತ್ತೀರಿ? ನಾವು ಅವರನ್ನು ಯಾವ ತಾರೀಖಿಗೆ ಕಾಣಬೇಕು?’ ಸಾಮಾನ್ಯವಾಗಿ ಆ ಅಧಿಕಾರಿ ಅಲ್ಲೇ ಪಕ್ಕದಲ್ಲಿ ನಿಂತಿರುತ್ತಾರೆ. ಮಂತ್ರಿ ಅವರ ಕಡೆ ತಿರುಗಿದರೆ ನಿಮ್ಮ ಕೆಲಸ ಅರ್ಧ ಆಯಿತು. ಹೆಸರು, ಹುದ್ದೆ, ತಾರೀಖು ಅಲ್ಲೇ ನಿಮ್ಮ ಪ್ರತಿಯ ಹಿಂದೆ ಬರೆದುಕೊಳ್ಳಿ. ಕಾಗದದ ಎರಡನೇ ಪ್ರತಿಗೆ ಸೀಲು, ಸಹಿ ತೆಗೆದುಕೊಳ್ಳದೆ ಹೊರಡಬೇಡಿ.

ಜಿಲ್ಲಾ ಉಸ್ತುವಾರಿ ಸಚಿವರು ಜಿಲ್ಲೆಯ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆ, ಸಂಸದರು ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ದಿಶಾ ಸಭೆ ಯಾವಾಗ ಅಂತ ವಿಚಾರಿಸಿ ಇಟ್ಟುಕೊಳ್ಳಿ. ಅಲ್ಲಿ ಎಲ್ಲ ಇಲಾಖೆಯವರೂ ಒಂದೇ ಮೇಜಿಗೆ ಬರುತ್ತಾರೆ. ಹೆಸ್ಕಾಂ ಅರಣ್ಯದವರನ್ನು, ಅರಣ್ಯದವರು ದೂರಸಂಪರ್ಕದವರನ್ನು ತೋರಿಸುವುದು ಅಲ್ಲಿ ಕಷ್ಟ. ಸಭೆಯ ವಾರ ಮೊದಲೇ ಪ್ರಶ್ನೆ ಕೊಟ್ಟು ‘ಇದನ್ನು ಎತ್ತಿ’ ಅಂತ ಕೇಳಿಕೊಳ್ಳಿ.

ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಥರದ ಒಬ್ಬೊಬ್ಬರ ಕೆಲಸಕ್ಕೆ ಮಂತ್ರಿ ಬೇಡ. ಗೊತ್ತುಮಾಡಿದ ದಿನದೊಳಗೆ ಸೇವೆ ಕೊಡಬೇಕು ಅನ್ನುವ ‘ಸಕಾಲ’ ಯೋಜನೆಯಡಿ ಬರುವ ಸೇವೆಯಾದರೆ, ಅರ್ಜಿ ಕೊಟ್ಟಾಗ ಜಿಎಸ್‌ಸಿ ಸಂಖ್ಯೆ (ಅರ್ಜಿಯ ಗುರುತು ಸಂಖ್ಯೆ) ಕೇಳಿ ತೆಗೆದುಕೊಳ್ಳಿ. ದಿನ ಮೀರಿದರೆ ಆ ಸಂಖ್ಯೆ ಹಿಡಿದು ಮೇಲ್ಮನವಿ ಹಾಕಬಹುದು, ತಡವಾದ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಇದೆ. ಉಳಿದದ್ದಕ್ಕೆ ರಾಜ್ಯ ಸರ್ಕಾರದ ದೂರು ವ್ಯವಸ್ಥೆಯಾದ ಜನಸ್ಪಂದನದ 1902ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ನೂರು ಜನರದ್ದು ಒಂದೇ ತೊಂದರೆ ಆದರೆ ಆಗ ಆ ಸಂಖ್ಯೆಗಳನ್ನೆಲ್ಲ ಒಂದು ಪಟ್ಟಿ ಮಾಡಿ ಮಂತ್ರಿಯ ಪ್ರಶ್ನೆಗೆ ಲಗತ್ತಿಸಿ.

ಎಲ್ಲ ಕಾಗದವನ್ನೂ ಒಂದೇ ಫೈಲಿನಲ್ಲಿ, ತಾರೀಖಿನ ಪ್ರಕಾರ, ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ನಮ್ಮ ಮಳೆಗೆ ಸ್ಟಾಂಪ್ ಇಂಕು ಹರಡಿಹೋಗುತ್ತದೆ. ಮೊಬೈಲಿನಲ್ಲಿ ಫೋಟೋ ಹೊಡೆದು ಮನೆಯ ಇನ್ನೊಬ್ಬರಿಗೂ ಕಳಿಸಿಡಿ.

ಆ ಅಡಿಕೆ ತೋಟದ ಹಿರಿಯರು ಹೋದ ತಿಂಗಳು ಮತ್ತೆ ಬಂದಿದ್ದರು. ಈ ಸಲ ಕೈಯಲ್ಲಿ ಬರಹದಲ್ಲಿ ಬಂದ ಉತ್ತರ ಇತ್ತು. ಎರಡು ಭಾಗಕ್ಕೆ ಸರಿಯಾದ ಉತ್ತರ ಬಂದಿತ್ತು. ಮೂರನೆಯದಕ್ಕೆ ‘ಶೀಘ್ರದಲ್ಲಿ ಪರಿಶೀಲಿಸಲಾಗುವುದು’ ಅಂತ ಇತ್ತು. ಆ ಪದದ ಕೆಳಗೆ ಅವರೇ ಪೆನ್ಸಿಲಿನಲ್ಲಿ ಗೆರೆ ಎಳೆದು ತಂದಿದ್ದರು. ಕುರ್ಚಿ ಎಳೆದುಕೊಂಡು ಕೂತು ಹೇಳಿದರು: ‘ತಂಗಿ, ಶೀಘ್ರ ಅಂದರೆ ಯಾವ ತಾರೀಖು ಅಂತ ಕೇಳಬೇಕು. (ಅ) ಅಂತ ಹಾಕಿ ಟೈಪ್ ಮಾಡು.’